ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಪೌರತ್ವದ ದಾರಿ ಸುಗಮವಾಗಬೇಡವೇ?

ಪ್ರಶ್ನೆ: 1900ರಿಂದ ಅಮೆರಿಕದ ಅಧೀನದಲ್ಲಿರುವ ದಕ್ಷಿಣ ಪೆಸಿಫಿಕ್‌ನ ಈ ದ್ವೀಪಗಳಲ್ಲಿ ಹುಟ್ಟಿದವರ ಪಾಸ್‌ಪೋರ್ಟ್‌ನಲ್ಲಿ, ಇವರು ಅಮೆರಿಕದ ರಾಷ್ಟ್ರೀಯರೇ (ಅಂದರೆ, ಆ ದೇಶಕ್ಕೆ ನಿಷ್ಠರಾಗಿರಬೇಕಾದರೂ ಪೌರತ್ವವಿಲ್ಲದವರು) ಹೊರತು ನಾಗರಿಕರಲ್ಲ ಎಂಬ ಷರಾ ಅಚ್ಚಾಗಿರುತ್ತದೆ. ಅಮೆರಿಕದ ಅಧೀನದಲ್ಲೇ ಇರುವ ಬೇರೆ ದ್ವೀಪಗಳಾದ ಪೋರ್ಟೊ ರಿಕೊದವರಿಗೆ 1917ರಲ್ಲಿ, ಗುವಾಮ್‌ನವರಿಗೆ 1950ರಲ್ಲಿ ದೊರೆತ ಪೌರತ್ವ ಇವರಿಗೇಕೆ ದೊರೆತಿಲ್ಲ?

ಉತ್ತರ 1: ಅವರಿಗೆ ಅದನ್ನು ಕೊಟ್ಟದ್ದು ಅಮೆರಿಕದ ಕಾಂಗ್ರೆಸ್ಸಿನ ಶಾಸನ, ಅಮೆರಿಕನ್ ಸಮೋವಾಕ್ಕೆ ಅಂಥ ಶಾಸನವಿಲ್ಲ. ಹಾಗಾಗಿ ಇಲ್ಲಿಯವರು ಸಾಮಾನ್ಯವಾಗಿ ಹುಟ್ಟೂರು ತೊರೆದು ಅಮೆರಿಕದ ಯಾವುದಾದರೊಂದು ರಾಜ್ಯದಲ್ಲಿ ನೆಲೆಸಿ, ಶುಲ್ಕ ಕಟ್ಟಿ, ಪರೀಕ್ಷೆ ಎದುರಿಸಿ, ಪರದೇಶದಿಂದ ಬಂದ ವಲಸಿಗರಂತೆಯೇ ಪ್ರಮಾಣವಚನ ಸ್ವೀಕರಿಸಬೇಕಾಗುತ್ತದೆ. ಹುಟ್ಟಿನಿಂದಲೇ ಆ ದೇಶಕ್ಕೆ ನಿಷ್ಠರಾಗಿರುವವರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಉತ್ತರ 2: ಒಪ್ಪುತ್ತೇನೆ. ಆದರೆ ಕುಟುಂಬಗಳ ಸಾಮೂಹಿಕ ಭೂಮಿಗೆ ಧಕ್ಕೆಯಾದೀತೆಂದು ದ್ವೀಪದ ಸರ್ಕಾರವೇ ನ್ಯಾಯಾಲಯದ ಮೂಲಕ ಪೌರತ್ವ ಬರುವುದನ್ನು ವಿರೋಧಿಸಿತ್ತು; 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಪೌರತ್ವ ಕೋರಿದವರ ಮೇಲ್ಮನವಿಯನ್ನು ವಿಚಾರಣೆಗೆ ಸ್ವೀಕರಿಸಲಿಲ್ಲ. ಬೇಕೆನ್ನುವವರು ದ್ವೀಪದಲ್ಲಿದ್ದುಕೊಂಡೇ ಅರ್ಜಿ ಸಲ್ಲಿಸಲು ಕಾಂಗ್ರೆಸ್ ಅವಕಾಶ ಕಲ್ಪಿಸಿದರೆ ಯಾರ ಮೇಲೂ ಹೇರಿದಂತಾಗುವುದಿಲ್ಲ.