ಪದಚರ್ಚೆ: ನಾಯಿಗೆ ಕಳೆನಾಶಕದ ‘ಎಕ್ಸ್‌ಪೋಶರ್’ – ಕನ್ನಡದಲ್ಲಿ ಏನನ್ನೋಣ? (ತುರ್ತು)

ವಿ.ಕೆ.:
ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಹುಲ್ಲುಹಾಸಿಗೆ ಬೋರ್ಡ್, ಜೊತೆಗೆ ನಾಯಿ ಸಾಕಿದವರಿಗೆ ಒಂದು ಪುಟದ ಕರಪತ್ರ. ನಾಳೆ ಹನ್ನೊಂದಕ್ಕೆ ಪ್ರಿಂಟಿಗೆ ಹೋಗಬೇಕು. ಹೊಡೆಯುವುದು 2,4-ಡಿ ಎಂಬ ಕಳೆನಾಶಕ. ಎಕ್ಸ್‌ಪೋಶರ್, ಕಾರ್ಸಿನೋಜನ್, ರಿಸ್ಕ್ – ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಸದ್ಯದ ಕರಡು:

“ಕ್ಯಾನ್ಸರ್‌ಕಾರಕ ಔಷಧಿ ಸಿಂಪಡಿಸಲಾಗಿದೆ. ಇದಕ್ಕೆ ಒಡ್ಡಿಕೊಂಡ ಸಾಕುನಾಯಿಗಳಲ್ಲಿ ಕ್ಯಾನ್ಸರ್ ಅಪಾಯ ಅಧಿಕ. ಒಣಗುವವರೆಗೆ ಪ್ರವೇಶವಿಲ್ಲ.”

ಎಚ್.:
‘ಒಡ್ಡಿಕೊಂಡ’ ತೆಗೆಯಿರಿ. ಮಳೆಗೆ ಮೈಯೊಡ್ಡುತ್ತೇವೆ, ಕೈಯೊಡ್ಡಿ ಬೇಡುತ್ತೇವೆ, ಬಲೆಯೊಡ್ಡುತ್ತೇವೆ. ಎಲ್ಲ ಕಡೆಯೂ ಬೇಕೆಂದೇ ಮಾಡುವವನೊಬ್ಬ ಇದ್ದಾನೆ. ನಾಯಿ ಯಾವುದಕ್ಕೂ ಒಡ್ಡಿಕೊಂಡಿಲ್ಲ, ಹುಲ್ಲಲ್ಲಿ ಹೊರಳಿ ಪಾದ ನೆಕ್ಕಿದೆ, ಅಷ್ಟೆ. ಹಳಗನ್ನಡದಲ್ಲೇ ಇದಕ್ಕೆ ಪದವಿದೆ: ಸೋಂಕು. ಸೋಂಕೆಂದರೆ ತಾಗುವುದು. ‘ಕಳೆಮದ್ದಿನ ಸೋಂಕು’ ಎನ್ನಿ. ಕ್ಯಾನ್ಸರ್‌ಗೆ ಏಡಿಗಂತಿ.

ಪ.:
ಸೋಂಕು? ಕೊರೊನಾ ಆದಮೇಲೂ? ಬೋರ್ಡ್ ಓದಿದವರು ನಾಯಿಗೆ ಲಸಿಕೆ ಹಾಕಿಸಲು ಓಡುತ್ತಾರೆ. ಆ ಪದ ನಮ್ಮ ಕೈತಪ್ಪಿ ಹೋಗಿದೆ.

ಕರಡಿನಲ್ಲಿ ಪದಕ್ಕಿಂತ ದೊಡ್ಡ ತಪ್ಪುಗಳಿವೆ. ‘ಕಾರಕ’ ಅಂದರೆ ತರುವುದೇ ಖಚಿತ ಎಂದಾಯಿತು. ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ) 2015ರಲ್ಲಿ 2,4-ಡಿಯನ್ನು ಇಟ್ಟದ್ದು 2ಬಿ ಗುಂಪಿನಲ್ಲಿ: ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ, ಸಾಬೀತಾಗಿಲ್ಲ. ‘ಕ್ಯಾನ್ಸರ್ ತರಬಹುದಾದ’ ಅನ್ನಿ. ಆ ‘ಬಹುದು’ ಬಿಟ್ಟರೆ ಬೋರ್ಡ್ ಸುಳ್ಳು ಹೇಳುತ್ತದೆ.

‘ಸಾಕುನಾಯಿಗಳಲ್ಲಿ ಅಪಾಯ ಅಧಿಕ’ ಎಂಬುದೂ ನಿಲ್ಲುವುದಿಲ್ಲ. ಎಲ್ಲರೂ ಎತ್ತಿ ಹೇಳುವ ಪರ್ಡ್ಯೂ ವಿಶ್ವವಿದ್ಯಾಲಯದ 2004ರ ಅಧ್ಯಯನ ನಡೆದದ್ದು ಸ್ಕಾಟಿಷ್ ಟೆರಿಯರ್ ತಳಿಯಲ್ಲಿ ಮಾತ್ರ. ಮೂತ್ರಕೋಶದ ಕ್ಯಾನ್ಸರ್ ಇದ್ದ 83 ನಾಯಿ, ಬೇರೆ ಕಾಯಿಲೆಯ 83 ನಾಯಿ. ಕಳೆನಾಶಕ ಹೊಡೆದ ಹುಲ್ಲಿಗೆ ಆಡ್ಸ್ ಅನುಪಾತ (ಈ ಕ್ಯಾನ್ಸರ್ ಇದ್ದ, ಇಲ್ಲದ ಗುಂಪುಗಳಲ್ಲಿ ಇಂಥ ಹುಲ್ಲಿಗೆ ಹೋದವುಗಳ ಪ್ರಮಾಣವನ್ನು ಹೋಲಿಸುವ ಅಂಕಿ; 1 ಎಂದರೆ ವ್ಯತ್ಯಾಸವಿಲ್ಲ) 3.62, ಕೀಟನಾಶಕವೂ ಸೇರಿದ್ದರೆ 7.19. ಕೀಟನಾಶಕ ಒಂದೇ ಇದ್ದಲ್ಲಿ ಹೆಚ್ಚಳ ಕಾಣಲಿಲ್ಲ. ಆ ತಳಿಗೆ ಮೊದಲೇ ಈ ಕ್ಯಾನ್ಸರ್ ಜಾಸ್ತಿ. ಅದನ್ನು ಎತ್ತಿ ಲ್ಯಾಬ್ರಡಾರ್‌ಗೂ ಬೀದಿಯಿಂದ ತಂದು ಸಾಕಿದ ನಾಯಿಗೂ ಹಚ್ಚುವಂತಿಲ್ಲ. ಆಡ್ಸ್ ಅನುಪಾತವನ್ನು ‘ಮೂರೂವರೆ ಪಟ್ಟು ಅಪಾಯ’ ಎಂದು ಇಳಿಸುವುದೂ ಬೇಡ. ಕರಪತ್ರದಲ್ಲಿ ‘ನಂಟು ಕಂಡುಬಂದಿದೆ’ ಸಾಕು.

ಇನ್ನು ‘ಒಣಗುವವರೆಗೆ’. 2013ರಲ್ಲಿ ಅದೇ ವಿಶ್ವವಿದ್ಯಾಲಯದವರು ನಾಯಿಗಳ ಮೂತ್ರ ಪರೀಕ್ಷಿಸಿದರು. ಹುಲ್ಲಿಗೆ ಹೊಡೆಸಿದ 25 ಮನೆಗಳಲ್ಲಿ ಹೊಡೆಯುವ ಮೊದಲೇ 14ರಲ್ಲಿ ಕಳೆನಾಶಕ ಸಿಕ್ಕಿತ್ತು, ಆಮೇಲೆ 19ರಲ್ಲಿ. ಹೊಡೆಸದ 8 ಮನೆಗಳಲ್ಲೂ 4ರಲ್ಲಿ ಇತ್ತು, ಅಕ್ಕಪಕ್ಕದಿಂದ ಬಂದಿರಬೇಕು. ಕೆಲವು ಸ್ಥಿತಿಗಳಲ್ಲಿ ಕನಿಷ್ಠ 48 ಗಂಟೆ ಅದು ಹುಲ್ಲಿನ ಮೇಲೆ ಉಳಿಯಿತು. 2,4-ಡಿಯಂಥ ಆಮ್ಲಗಳನ್ನು ಹೊರಹಾಕುವುದರಲ್ಲಿ ನಾಯಿಯ ಮೂತ್ರಪಿಂಡ ನಮ್ಮದಕ್ಕಿಂತ ನಿಧಾನ. ಗಂಟೆ ಬರೆಯಿರಿ, ‘ಒಣಗು’ ಬೇಡ. ಬೆಳಗಿನ ಇಬ್ಬನಿಗೆ ಎಲ್ಲವೂ ಮತ್ತೆ ಒದ್ದೆ.

ಶ.:
‘ಔಷಧಿ’ಯನ್ನು ಯಾರೂ ಮುಟ್ಟಲಿಲ್ಲವಲ್ಲ! ಮಾಲಿ ‘ಔಷಧಿ ಹೊಡೆದಿದೆ ಸಾರ್’ ಅನ್ನುತ್ತಾನೆ, ಕೇಳಿದವರು ಸೊಳ್ಳೆಗೋ ಏನೋ ಒಳ್ಳೆಯದೇ ಆಯಿತು ಎಂದುಕೊಂಡು ನಾಯಿ ಬಿಡುತ್ತಾರೆ. ತಮಾಷೆ ಎಂದರೆ ಸಂಸ್ಕೃತದ ‘ಓಷಧಿ’ ಎಂದರೆ ಗಿಡ. ಗಿಡ ಕೊಲ್ಲುವುದಕ್ಕೆ ಗಿಡದ ಹೆಸರು.

ಎಚ್.:
ಅದಕ್ಕೇ ಕಳೆಮದ್ದು ಅಂದದ್ದು. ಮದ್ದಿನಲ್ಲಿ ಗುಣಪಡಿಸುವುದೂ ಇದೆ, ಕೋವಿಯದೂ ಇದೆ, ಅನ್ನದಲ್ಲಿ ಬೆರೆಸಿ ‘ಮದ್ದು ಹಾಕುವ’ ವಿಷವೂ ಇದೆ. ಸಂಸ್ಕೃತದ ಬಾಲ ಹಿಡಿದವರಿಗೆ ಇದು ಕಾಣುವುದಿಲ್ಲ.

ಶ.:
ಮೂರರ್ಥ ಇರುವುದೇ ತೊಂದರೆ. ಡಬ್ಬಿಯ ಮೇಲೆ ‘ಕಳೆನಾಶಕ’ ಎಂದಿದೆ, ರೈತರು ಓದುವುದೂ ಅದನ್ನೇ. ಏಡಿಗಂತಿಯನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಬಾಗಿಲಲ್ಲಿ ಹತ್ತು ಜನರಿಗೆ ಹೇಳಿ ನೋಡಿ. ಕ್ಯಾನ್ಸರ್ ಈಗ ಕನ್ನಡ ಪದ.

ಎಚ್.:
ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟು ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದಾಗಿ ಉಳಿಯುತ್ತದೆ.

ಪ.:
ಉಳಿಯಲಿ. ನಾಳೆ ಹನ್ನೊಂದಕ್ಕೆ ಬೇಕಿರುವುದು ಬೋರ್ಡ್. ಎಕ್ಸ್‌ಪೋಶರ್‌ಗೆ ನಾಮಪದ ಹುಡುಕುತ್ತಿರುವುದೇ ತಪ್ಪು, ಕನ್ನಡ ಅದನ್ನು ಕ್ರಿಯಾಪದದಲ್ಲಿ ಮುಗಿಸುತ್ತದೆ. ಮೈಗೆ ತಾಗಿದರೆ ‘ತಾಗು’, ನೆಕ್ಕಿದರೆ ‘ಹೊಟ್ಟೆಗೆ ಹೋಗು’. ಎರಡನ್ನೂ ಒಂದು ಪದಕ್ಕೆ ತುರುಕಿದರೆ ಪಾದ ತೊಳೆಯಬೇಕೋ ನೆಕ್ಕದಂತೆ ತಡೆಯಬೇಕೋ ತಿಳಿಯುವುದಿಲ್ಲ. ಬೋರ್ಡಿಗೆ:

“ಈ ಹುಲ್ಲಿಗೆ ಕಳೆನಾಶಕ (2,4-ಡಿ) ಹೊಡೆದಿದೆ. ಹೊಡೆದದ್ದು: ತಾರೀಖು ___ ಗಂಟೆ ___. ಎರಡು ದಿನ ನಾಯಿ ಬಿಡಬೇಡಿ. ತುಳಿದಿದ್ದರೆ ಪಾದ, ಬೆರಳಸಂದಿ, ಹೊಟ್ಟೆಯಡಿ ಸೋಪು ನೀರಲ್ಲಿ ತೊಳೆಯಿರಿ. ತೊಳೆಯುವವರೆಗೆ ನೆಕ್ಕಲು ಬಿಡಬೇಡಿ.”

ಕ್ಯಾನ್ಸರ್ ಮಾತು ಕರಪತ್ರಕ್ಕೆ ಹೋಗಲಿ, ‘ಬಹುದು’ ಸಮೇತ. ತಾರೀಖು ತುಂಬುವ ಜಾಗ ಅಳಿಸಿ ಬರೆಯುವಂತಿರಲಿ. ಇಲ್ಲದಿದ್ದರೆ ಬೋರ್ಡ್ ವರ್ಷವಿಡೀ ಅಲ್ಲೇ ನಿಂತಿರುತ್ತದೆ, ಯಾರೂ ನಂಬುವುದಿಲ್ಲ.

ವಿ.ಕೆ.:
ಹಾಗೇ ಕಳಿಸಿದೆ. ಬೋರ್ಡ್ ಎರಡು ಅಡಿ ಅಗಲ, ಅಷ್ಟೂ ಹಿಡಿಯುತ್ತದೆ.

ಎಚ್.:
ಬೋರ್ಡ್ ಅಲ್ಲ, ಹಲಗೆ. ಅಚ್ಚಗನ್ನಡ.

ಶ.:
ಹಲಗೆ ‘ಫಲಕ’ದ ತದ್ಭವ.