ಅಪ್‌ಡೇಟ್: ಅಂಗಾಲಿನ ಬೆವರಿಗೆ ಹಾಕಿಸಿದ ಇಂಜೆಕ್ಷನ್ ಎಷ್ಟು ದಿನ ಬಂತು

ಅಂಗಾಲು ವಿಪರೀತ ಬೆವರುತ್ತದೆ, ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿದರೆ ಬೆವರು ಎಷ್ಟು ದಿನ ನಿಲ್ಲುತ್ತದೆ ಅಂತ ಶಿರಸಿಯಿಂದ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಥ್ಯಾಂಕ್ಸ್.

ಜನವರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡೆ. ನೋವಿನ ವಿಷಯ ಮುಚ್ಚಿಡುವುದಿಲ್ಲ. ಮೊದಲು ಪಾದದ ಗಂಟಿನ ಹತ್ತಿರ ಮರಗಟ್ಟಿಸುವ ಮದ್ದು ಕೊಟ್ಟರು. ಆಮೇಲೆ ಅಂಗಾಲಿನ ತುಂಬ ಪೆನ್ನಿನಲ್ಲಿ ರಂಗೋಲಿಯ ಹಾಗೆ ಚುಕ್ಕಿ ಇಟ್ಟು, ಒಂದೊಂದಕ್ಕೂ ಒಂದು ಚುಚ್ಚು. ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು.

ಹತ್ತನೇ ದಿನ ಬೆಳಿಗ್ಗೆ ಆಯಿ ಹೇಳಿದಳು, "ತಮಾ, ಇವತ್ತು ನೆಲದ ಮೇಲೆ ನಿನ್ನ ಹೆಜ್ಜೆನೇ ಇಲ್ಲೆ." ನಮ್ಮನೆಯದು ಕೆಂಪು ಗಾರೆ ನೆಲ. ನಾನು ನಡೆದಲ್ಲೆಲ್ಲ ಒದ್ದೆ ಪಾದ ಮೂಡುತ್ತಿತ್ತು. ಆ ದಿನ ಎಷ್ಟು ಸಲ ಸುಮ್ನೆ ಓಡಾಡಿದೆನೋ!

ನಾಲ್ಕು ತಿಂಗಳು ಪೂರ್ತಿ ಒಣಗಿತ್ತು. ಐದನೆಯದರಲ್ಲಿ ಹಿಮ್ಮಡಿಯಿಂದ ಪಸೆ ಶುರುವಾಯಿತು. ಈಗ ಮಳೆಗಾಲ, ಮುಕ್ಕಾಲು ಪಾಲು ಮೊದಲಿನ ಹಾಗೇ. ಪಾದಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಕಂಕುಳಿಗಾದರೆ ಇನ್ನೂ ಜಾಸ್ತಿ ಎಂದರು ಡಾಕ್ಟರು. ಬೊಟಾಕ್ಸ್ ಬೆವರಿನ ಗ್ರಂಥಿಯನ್ನು ತೆಗೆಯುವುದಿಲ್ಲ, ನರದಿಂದ ಅದಕ್ಕೆ ಹೋಗುವ ಸಂದೇಶವನ್ನಷ್ಟೇ ತಡೆಯುತ್ತದೆ. ನರ ಚೇತರಿಸಿಕೊಂಡರೆ ಬೆವರೂ ವಾಪಸ್ಸು.

ಖರ್ಚು ದೊಡ್ಡದೇ. ಆದರೂ ಮಾಡಿಸಿದ್ದಕ್ಕೆ ಬೇಜಾರಿಲ್ಲ. ಮುಂದಿನ ಸಲ ಹಾಕಿಸುವ ಮೊದಲು, ನೀರಿನಲ್ಲಿ ಪಾದ ಇಟ್ಟು ಸಣ್ಣಗೆ ಕರೆಂಟ್ ಹಾಯಿಸುವ ಅಯಾಂಟೊಫೊರೆಸಿಸ್ ನೋಡಬೇಕು ಅಂತಿದ್ದೇನೆ. ಅದನ್ನು ವಾರಕ್ಕೆ ಹಲವು ಸಲ ಮಾಡಬೇಕು, ಆದರೆ ಸೂಜಿಯಿಲ್ಲ.