ಪ್ರಿಸಂ ರೀಡಿಂಗ್ ಒಂದು, ಕೋಡ್ ಕೊಡೋ ಇಂಡೆಕ್ಸ್ ಇನ್ನೊಂದು, ಎಲ್ಲಿ ತಪ್ಪಾಗಿದೆ?

ಸೋಡಿಯಂ_ದೀಪ:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕ್ಸ್ ಪ್ರಾಜೆಕ್ಟ್ ಮಾಡ್ತಿದೀನಿ. ವಸ್ತುಗಳ ರಿಫ್ರ್ಯಾಕ್ಟಿವ್ ಇಂಡೆಕ್ಸ್ (ವಕ್ರೀಭವನ ಸೂಚ್ಯಂಕ) ಸಿಗೋ ರಿಫ್ರ್ಯಾಕ್ಟಿವ್‌ಇಂಡೆಕ್ಸ್ ಡಾಟ್ ಇನ್ಫೋ ಡೇಟಾಬೇಸ್ ಪೂರ್ತಿ ಡೌನ್‌ಲೋಡ್ ಮಾಡ್ಕೊಂಡು ಅದರ ಯಾಮಲ್ (YAML) ಡೇಟಾ ಫೈಲ್‌ಗಳಿಂದ ಕೋಎಫಿಶಿಯೆಂಟ್ ಓದಿ, ವೇವ್‌ಲೆಂಗ್ತ್ ಕೊಟ್ರೆ ಇಂಡೆಕ್ಸ್ ಕೊಡೋ ಸೆಲ್‌ಮೈಯರ್ ಈಕ್ವೇಶನ್‌ಗೆ ಹಾಕೋ ಒಂದು ಪೈಥಾನ್ ಫಂಕ್ಷನ್ ನಾನೇ ಬರ್ದೆ. ಮೊದ್ಲು ಫ್ಯೂಸ್ಡ್ ಸಿಲಿಕಾಗೆ (ಶುದ್ಧ ಸಿಲಿಕಾ ಗಾಜು), ಮ್ಯಾಲಿಟ್‌ಸನ್ 1965ರ ಪೇಪರ್‌ನ ಡೇಟಾ ಇರೋ ಪೇಜ್ ಹಾಕಿ ನೋಡ್ದೆ, 1.458 ಬಂತು, ಕರೆಕ್ಟ್. ಆಮೇಲೆ ಅದೇ ಫಂಕ್ಷನ್‌ಗೆ ನಮ್ಮ ಪ್ರಿಸಂನ ಗಾಜು ಎನ್-ಬಿಕೆ7 (ಸುಮ್ನೆ ಬಿಕೆ7 ಅಂತೀವಿ) ಕೊಟ್ರೆ ಸೋಡಿಯಂ ಬೆಳಕಿಗೆ 1.5072 ಬರ್ತಿದೆ, ಅದರ ಪ್ರಕಾರ 60 ಡಿಗ್ರಿ ಪ್ರಿಸಂಗೆ ಮಿನಿಮಮ್ ಡೀವಿಯೇಶನ್, ಅಂದ್ರೆ ಬೆಳಕು ಬಾಗೋ ಅತೀ ಕಡಿಮೆ ಕೋನ, 37°49' ಇರ್ಬೇಕು, ಆದ್ರೆ ಸ್ಪೆಕ್ಟ್ರೋಮೀಟರ್‌ನಲ್ಲಿ ಮೂರು ಸಲ ತೆಗೆದ್ರೂ 38°36' ಆಸುಪಾಸೇ ಬರ್ತಿದೆ. ಪ್ರಿಸಂ ಬಿಕೆ7 ಅಲ್ಲವೇ ಅಲ್ಲ, ಅಂಗಡಿಯವರು ಬೇರೆ ಗಾಜು ಕೊಟ್ಟಿದಾರೆ ಅಂತ ಲ್ಯಾಬ್‌ನಲ್ಲಿ ಎಲ್ರೂ ಹೇಳ್ತಿದಾರೆ. ವಾಪಸ್ ಮಾಡೋಕ್ಕೆ ಮುಂಚೆ ಒಂದ್ಸಲ ಕೇಳೋಣ ಅಂತ.

ಗಾಜಿನಕಣ್ಣು:
ವೇವ್‌ಲೆಂಗ್ತ್ ಮೈಕ್ರಾನ್‌ನಲ್ಲೇ ಕೊಟ್ಟಿದೀರಾ? 0.5893 ಕೊಡೋ ಬದ್ಲು 589.3 ಕೊಟ್ರೂ ಎರರ್ ಏನೂ ಬರಲ್ಲ, ಸುಮ್ನೆ ಒಂದು ನಂಬರ್ ಕೊಟ್ಬಿಡತ್ತೆ.

ಸೋಡಿಯಂ_ದೀಪ:
ಮೈಕ್ರಾನ್‌ನಲ್ಲೇ ಇದೆ ಸರ್. 589.3 ಕೊಟ್ಟು ನೋಡ್ದೆ, ಆಗ 1.82 ಬರತ್ತೆ, ಸೋ ಅದಲ್ಲ.

ಧಾರವಾಡ_ಆಪ್ಟಿಕ್ಸ್:
ಪ್ರಿಸಂ ವಾಪಸ್ ಕೊಡಬ್ಯಾಡ್ರಿ, ಅದು ಸರಿ ಐತಿ. ನಿಮ್ಮ 38°36' ಇಟ್ಕೊಂಡು ಲೆಕ್ಕ ಹಾಕಿದ್ರ ಇಂಡೆಕ್ಸ್ 1.5163 ಬರ್ತದ, ಬಿಕೆ7ದ್ದು ಇರೂದು 1.5167. ವರ್ನಿಯರ್ ಸ್ಕೇಲ್‌ನ್ಯಾಗ ಕೋನ ಒಂದು ಮಿನಿಟ್ ತಪ್ಪಿದ್ರ 0.0002 ಹೆಚ್ಚು ಕಡಿಮಿ ಆಗ್ತದ, ಅಂದ್ರ ನೀವು ಎರಡು ಮಿನಿಟ್ ಅಷ್ಟ ತಪ್ಪೀರಿ, ಕಾಲೇಜ್ ಸ್ಪೆಕ್ಟ್ರೋಮೀಟರ್‌ಗೆ ಇದು ಭಾಳ ಚಲೋ ರೀಡಿಂಗ್.

ತಪ್ಪು ಇರೂದು ಕೋಡ್‌ನ್ಯಾಗ. ಎರಡೂ ಯಾಮಲ್ ಫೈಲ್ ಬಾಜೂಕ ಇಟ್ಟು 'ಟೈಪ್' ಅನ್ನೋ ಸಾಲು ಓದ್ರಿ. ಫ್ಯೂಸ್ಡ್ ಸಿಲಿಕಾದಾಗ ಫಾರ್ಮುಲಾ 1 ಅಂತ ಇರ್ತದ, ಬಿಕೆ7ನ್ಯಾಗ ಫಾರ್ಮುಲಾ 2. ಎರಡೂ ಸೆಲ್‌ಮೈಯರ್ರೇ, ಆದ್ರ ಒಂದನೇದ್ರಾಗ ಛೇದದಾಗಿನ ಕೋಎಫಿಶಿಯೆಂಟ್ ನೀವು ಸ್ಕ್ವೇರ್ ಮಾಡ್ಬೇಕು, ಎರಡನೇದ್ರಾಗ ಅದು ಮೊದಲ ಸ್ಕ್ವೇರ್ ಆಗಿ ಬಂದಿರ್ತದ. ನಿಮ್ಮ ಫಂಕ್ಷನ್ ಅದನ್ನ ಇನ್ನೊಮ್ಮೆ ಸ್ಕ್ವೇರ್ ಮಾಡ್ಲಿಕತ್ತದ.

ಕಣ್ಣಿಗೆ ಕಾಣೂ ಗುರುತು ಒಂದ ಐತ್ರಿ. ಫ್ಯೂಸ್ಡ್ ಸಿಲಿಕಾದ ಕೊನೀ ನಂಬರ್ 9.896161, ಬಿಕೆ7ದ್ದು 103.560653. ಸಿಲಿಕಾ ಬಾಂಡ್ ಇನ್‌ಫ್ರಾರೆಡ್‌ನ್ಯಾಗ ಬೆಳಕು ಹೀರ್ಕೊಳ್ಳೂದು ಸುಮಾರು 10 ಮೈಕ್ರಾನ್ ಹತ್ರ, ಅದಕ್ಕ 9.89 ನೋಡಿದ ಕೂಡ್ಲೇ ಇದು ವೇವ್‌ಲೆಂಗ್ತ್ ಅಂತ ತಿಳೀತದ. ಬಿಕೆ7ನ್ಯಾಗೂ ಹೆಚ್ಚಿನ ಪಾಲು ಸಿಲಿಕಾನೇ ಇರೂದು, 103ರ ವರ್ಗಮೂಲ ತಗೀರಿ, 10.18, ಅದೂ ಅಲ್ಲೇ ಬಂದು ಕೂಡ್ತು. ಹಂಗ 0.0060ರ ವರ್ಗಮೂಲ 0.077 ಮೈಕ್ರಾನ್, ಅಲ್ಟ್ರಾವಯಲೆಟ್ ಕಡೆ. ನೀವು ಅದನ್ನ ಮತ್ತ ಸ್ಕ್ವೇರ್ ಮಾಡಿದ್ರ ಗಾಜು 6 ನ್ಯಾನೋಮೀಟರ್‌ನ್ಯಾಗ ಹೀರ್ಕೊಳ್ತದ ಅಂದಂಗ ಆಗ್ತದ. ನನಗೂ ಹಿಂಗ ಆಗಿತ್ತು, ಒಂದು ಲೆನ್ಸ್ ಡಿಸೈನ್‌ಗೆ ಪೂರ್ತಿ ವಾರ ಹೋತು, 1.507 ನೋಡಿದ್ರ ಯಾರಿಗೂ ಡೌಟ್ ಬರೂದಿಲ್ಲ, ಗಾಜಿನ ಇಂಡೆಕ್ಸ್ ಇದ್ದಂಗ ಇರ್ತದ.

ಪದರ_ಪದರ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಸಾಲೂ ನೋಡಿ, ರೇಂಜ್. ಎನ್-ಬಿಕೆ7 ಫೈಲ್ 0.3ರಿಂದ 2.5 ಮೈಕ್ರಾನ್‌ವರೆಗೆ ಮಾತ್ರ, ಅದರಾಚೆ ಕೇಳಿದ್ರೆ ನಿಮ್ಮ ಫಂಕ್ಷನ್ ಎರರ್ ಕೊಟ್ಟು ನಿಲ್ಲೋ ಹಾಗೆ ಬರೀರಿ. ನಾನು ಬೆಳ್ಳಿ ಕೋಟಿಂಗ್ ಕೆಲ್ಸ ಮಾಡೋದು, ಅಲ್ಲಿ ಫಾರ್ಮುಲಾನೇ ಇಲ್ಲ, ಬರೀ ಟೇಬಲ್, ಅದೂ ಒಂದೇ ಲೋಹಕ್ಕೆ ಎಷ್ಟೋ ಪೇಜ್. ಎಲ್ರೂ ಕಣ್ಮುಚ್ಚಿ ಜಾನ್‌ಸನ್-ಕ್ರಿಸ್ಟಿ 1972ರ ಪೇಪರ್‌ನ ಡೇಟಾ ಹಾಕ್ತಾರೆ, ಆದ್ರೆ ಫಿಲ್ಮ್ ಹೇಗೆ ಬೆಳೆಸಿದ್ರು, ಎಷ್ಟು ದಪ್ಪ ಅನ್ನೋದರ ಮೇಲೆ ನಂಬರ್ ಬದಲಾಗತ್ತೆ, ಅದಕ್ಕೆ ಯಾವ ಪೇಜ್ ತಗೊಂಡ್ರಿ ಅಂತ ರಿಪೋರ್ಟ್‌ನಲ್ಲಿ ಬರೀಲೇಬೇಕು.

ಸೋಡಿಯಂ_ದೀಪ:
ಸರ್, ಬಂತು! ಟೈಪ್ ನೋಡಿ ಸ್ಕ್ವೇರ್ ಮಾಡ್ಬೇಕೋ ಬೇಡ್ವೋ ಅಂತ ಒಂದು ಇಫ್ ಹಾಕ್ದೆ, 1.5167, ಡೀವಿಯೇಶನ್ 38°38'. ಧಾರವಾಡದ ಸರ್‌ಗೆ ತುಂಬಾ ಥ್ಯಾಂಕ್ಸ್, ಆ 103ರ ವರ್ಗಮೂಲ ನಾನೇ ತೆಗೆದು ನೋಡಿ ಖುಷಿಯಾಯ್ತು. ಅಂಗಡಿಯವರಿಗೆ ಫೋನ್ ಮಾಡಿ ಜಗಳ ಆಡೋರಿದ್ವಿ, ಸದ್ಯ ಆಡ್ಲಿಲ್ಲ. ನಾಳೆ ಮರ್ಕ್ಯುರಿ ದೀಪ ಇಟ್ಟು ಹಸಿರು, ನೀಲಿ ಗೆರೆಗಳಿಗೂ ರೀಡಿಂಗ್ ತೆಗೆದು ಇಲ್ಲೇ ಹಾಕ್ತೀನಿ.